ಕಲ್ಲು ಬೀಳಿಸದೇ ಗೆದ್ದ ವಾದ

ಪ್ರೀತಿಯ ಪುಟ್ಟಿ,

"ಫಿಸಿಕ್ಸ್‌ಗೆ ಕಲ್ಪನೆ ಯಾಕಮ್ಮ? ಲಾಜಿಕ್ ಇದ್ದರೆ ಸಾಕು" ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಆ ಮಾತು ತಲೆಯಲ್ಲೇ ಕೂತಿದೆ. ಕಲ್ಪನೆ ಕಥೆ ಬರೆಯುವವರಿಗೆ, ತರ್ಕ ಲೆಕ್ಕ ಮಾಡುವವರಿಗೆ ಅಂತ ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗೆ ಯಾರು ಹಂಚಿದರೋ! ನನಗಂತೂ ಆ ಪಾಲು ಒಪ್ಪಿಗೆಯಿಲ್ಲ.

ಗೆಲಿಲಿಯೊನನ್ನೇ ತಗೋ. ಪೀಸಾ ಗೋಪುರದ ಮೇಲಿಂದ ಅವನು ಗುಂಡು ಬೀಳಿಸಿದ ಕಥೆ ಬಿಡು, ಅದು ನಡೆದದ್ದು ನಿಜವೋ ಅಂತ ಇತಿಹಾಸಕಾರರಿಗೇ ಅನುಮಾನ. ನಾನು ಹೇಳುತ್ತಿರುವುದು 1638ರಲ್ಲಿ ಲೈಡನ್‌ನಲ್ಲಿ ಅಚ್ಚಾದ ಅವನ ಪುಸ್ತಕದ ಒಂದು ವಾದ. ಆಗ ಅವನು ಗೃಹಬಂಧನದಲ್ಲಿದ್ದ, ಕಣ್ಣೂ ಹೋಗಿತ್ತು.

ಭಾರದ ವಸ್ತು ಬೇಗ ಬೀಳುತ್ತದೆ, ಹಗುರದ್ದು ನಿಧಾನ ಅಂತ ಅರಿಸ್ಟಾಟಲ್ ಹೇಳಿದ್ದ. ಸರಿ, ಹಾಗೇ ಇರಲಿ. ದೊಡ್ಡ ಕಲ್ಲಿನ ವೇಗ 8, ಸಣ್ಣದರದ್ದು 4 ಅಂದುಕೋ. ಈಗ ಎರಡನ್ನೂ ಸೇರಿಸಿ ಕಟ್ಟು. ಸಣ್ಣದು ನಿಧಾನ, ಅದು ದೊಡ್ಡದನ್ನು ಹಿಂದಕ್ಕೆ ಜಗ್ಗುತ್ತದೆ. ಹಾಗಾಗಿ ಜೋಡಿಯ ವೇಗ 8ಕ್ಕಿಂತ ಕಮ್ಮಿ. ಆದರೆ ಎರಡೂ ಸೇರಿದರೆ ದೊಡ್ಡ ಕಲ್ಲಿಗಿಂತ ಭಾರ. ಅಂದಮೇಲೆ 8ಕ್ಕಿಂತ ಜಾಸ್ತಿ ವೇಗದಲ್ಲಿ ಬೀಳಬೇಕು, ಅಲ್ವಾ? ಒಂದೇ ಗಂಟು 8ಕ್ಕಿಂತ ನಿಧಾನವೂ ಹೌದು, ಬೇಗವೂ ಹೌದು. ಆಗದ ಮಾತು! ಅಂದರೆ ಅರಿಸ್ಟಾಟಲ್ ಹೇಳಿದ್ದೇ ತಪ್ಪು.

ಕೊನೆಯ ಆ "ಆಗದ ಮಾತು" ತರ್ಕದ್ದು. ಅಷ್ಟನ್ನು ನೀನೂ ಹೇಳಿಬಿಡುತ್ತಿದ್ದೆ. ಆದರೆ ಕಲ್ಲುಗಳನ್ನು ಕಟ್ಟಿ ನೋಡು ಅಂತ ಯಾವ ನಿಯಮ ಹೇಳಿತು? ಅರಿಸ್ಟಾಟಲ್‌ನ ಮಾತನ್ನು ಎಷ್ಟು ತಿರುವಿ ಹಾಕಿದರೂ ಅದರೊಳಗೆ ಹಗ್ಗ ಸಿಗುವುದಿಲ್ಲ. ಅದನ್ನು ಯಾರೋ ಹೊರಗಿನಿಂದ ತರಬೇಕಿತ್ತು. ತರ್ಕಶಾಸ್ತ್ರಕ್ಕೆ ತಳಪಾಯ ಹಾಕಿದವನೇ ಅರಿಸ್ಟಾಟಲ್, ತಮಾಷೆ ನೋಡು.

ಹಾಗಂತ ಕಲ್ಪನೆಗೆ ಪೂರ್ತಿ ಹಾರ ಹಾಕಬೇಡ. ಭಾರದ ಕಲ್ಲು ಮೊದಲು ನೆಲ ಮುಟ್ಟುವ ಚಿತ್ರವೂ ಕಣ್ಣು ಮುಚ್ಚಿದರೆ ಸಲೀಸಾಗಿ ಬರುತ್ತದೆ. ಅದನ್ನು ತಡೆದು ನಿಲ್ಲಿಸಿದ್ದು ತರ್ಕವೇ. ಇನ್ನು ಬೀಳುವಾಗ ವೇಗ ಹೇಗೆ ಏರುತ್ತದೆ ಅನ್ನುವುದು ಇವೆರಡರಿಂದಲೂ ತಿಳಿಯಲಿಲ್ಲ. ಗೆಲಿಲಿಯೊ ಇಳಿಜಾರಿನಲ್ಲಿ ಕಂಚಿನ ಗುಂಡು ಉರುಳಿಸಿದ. ಅದು ಉರುಳುವಷ್ಟು ಹೊತ್ತು ಸಣ್ಣ ಕೊಳವೆಯಿಂದ ನೀರು ಹಿಡಿದು, ಆ ನೀರನ್ನು ತೂಗಿ ಸಮಯ ಲೆಕ್ಕ ಹಾಕಿದ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯೇ ಇಲ್ಲದ ಚಂದ್ರನ ಮೇಲೆ ಒಂದು ಸುತ್ತಿಗೆ, ಒಂದು ಗರಿ ಒಟ್ಟಿಗೆ ಬಿಟ್ಟ. ಎರಡೂ ಒಟ್ಟಿಗೇ ಬಿದ್ದವು. ವಿಡಿಯೊ ಇದೆ, ನೋಡು.

ಇನ್ನುಮೇಲೆ ಘರ್ಷಣೆಯ ಲೆಕ್ಕ ಬಂದರೆ ಸುಮ್ನೆ ಸೂತ್ರಕ್ಕೆ ಕೈ ಹಾಕಬೇಡ. ಘರ್ಷಣೆ ಇಲ್ಲವೇ ಇಲ್ಲ ಅಂದರೆ ಏನಾಗುತ್ತದೆ ಅಂತ ಮೊದಲು ಕಣ್ಣಮುಂದೆ ತಂದುಕೋ. ಆಮೇಲೆ ನಿನ್ನ ಉತ್ತರದಲ್ಲಿ ಘರ್ಷಣೆಯ ಜಾಗಕ್ಕೆ 0 ಹಾಕಿ ನೋಡು. ಎರಡೂ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೀಯ ಅಂತಲೇ ಅರ್ಥ. ಹೇಗಾಯಿತು ಅಂತ ಭಾನುವಾರ ಫೋನ್ ಮಾಡಿದಾಗ ಹೇಳು.

ನಿನ್ನ
ಅಮ್ಮ