ಪೋಸ್ಟಿಂಗ್ ಸುಳಿವು ಸಿಕ್ಕಾಗಲೇ ಶಾಲೆಗೂ ತಿಳಿಸಿ: ಸೈನಿಕ ಕುಟುಂಬಗಳ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಸೇನೆಗೆ ಹೋದವರಿಲ್ಲದ ಊರನ್ನು ಕೊಡಗಿನಲ್ಲಿ ಹುಡುಕುವುದು ಕಷ್ಟ. ಹಾಗಾಗಿ ನಮ್ಮ ಹಾಜರಿ ಪುಸ್ತಕದಲ್ಲಿ ಪ್ರತಿ ವರ್ಷ ಕೆಲವು ಹೆಸರು ಹೋಗುತ್ತವೆ, ಕೆಲವು ಸೇರುತ್ತವೆ. ಅಪ್ಪನಿಗೆ ಪೀಸ್ ಸ್ಟೇಷನ್ (ಸಂಸಾರ ಜೊತೆಗಿರಬಹುದಾದ ಊರು) ಸಿಕ್ಕಿತೆಂದು ಮಗು ಇಲ್ಲಿಂದ ಹೊರಡುತ್ತದೆ, ಫೀಲ್ಡ್‌ಗೆ (ಸಂಸಾರ ಕರೆದೊಯ್ಯಲಾಗದ ಜಾಗ) ಹೋದರೆಂದು ಅಜ್ಜಿಮನೆಗೆ ಬರುತ್ತದೆ. ನಿವೃತ್ತಿಯಾದರೆ ಇಡೀ ಸಂಸಾರವೇ ತೋಟಕ್ಕೆ ಮರಳುತ್ತದೆ. ಯಾವುದೇ ಆದರೂ ನಮ್ಮ ಕೋರಿಕೆ ಒಂದೇ: ಆರ್ಡರ್ ಕೈಗೆ ಬರುವ ತನಕ ಕಾಯಬೇಡಿ, ಸುಳಿವು ಸಿಕ್ಕಾಗಲೇ ಹೇಳಿ. ಟಿ.ಸಿ. ಬರೆಯಲು ಒಂದು ದಿನ ಸಾಕು. ಪಾಠ ಹೊಂದಿಸಲು ಆರು ವಾರವಾದರೂ ಬೇಕು.

ಕಾಗದದ ಮಾತು ಮೊದಲು ಮುಗಿಸುತ್ತೇವೆ. ಟಿ.ಸಿ. ಜೊತೆಗೆ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಸ್ಯಾಟ್ಸ್ ಸಂಖ್ಯೆ (ರಾಜ್ಯದ ವಿದ್ಯಾರ್ಥಿ ದಾಖಲೆಯದು), 11 ಅಂಕಿಯ ಪೆನ್ ಸಂಖ್ಯೆ (ದೇಶದಾದ್ಯಂತ ನಡೆಯುವ ಶಾಶ್ವತ ವಿದ್ಯಾರ್ಥಿ ಸಂಖ್ಯೆ) ಕೇಳಿ ಪಡೆಯಿರಿ. ಯುಡೈಸ್‌ನಲ್ಲಿ, ಅಂದರೆ ಕೇಂದ್ರದ ಶಾಲಾ ದಾಖಲೆ ಜಾಲತಾಣದಲ್ಲಿ, ಹಳೆಯ ಶಾಲೆ ಮಗುವಿನ ಹೆಸರನ್ನು ‘ಡ್ರಾಪ್ ಬಾಕ್ಸ್’ಗೆ (ಶಾಲೆ ಬಿಟ್ಟವರ ಪಟ್ಟಿ) ಹಾಕಿದ ಮೇಲಷ್ಟೇ ಹೊಸ ಶಾಲೆ ಅದನ್ನು ಎಳೆದುಕೊಳ್ಳಲು ಸಾಧ್ಯ. ಟಿ.ಸಿ. ಕೈಯಲ್ಲಿದ್ದೂ ಕೆಲಸ ನಿಲ್ಲುವುದು ಇಲ್ಲೇ. ಹೆಸರಿನ ತೊಡಕು ನಮ್ಮಲ್ಲಿ ಸ್ವಲ್ಪ ಹೆಚ್ಚು: ಆಧಾರ್‌ನಲ್ಲಿ ಮನೆತನದ ಹೆಸರು ಪೂರ್ತಿ, ಶಾಲೆಯಲ್ಲಿ ಬರೀ ಇನಿಷಿಯಲ್, ಅಪ್ಪನ ಸೇವಾ ದಾಖಲೆಯ ಪಾರ್ಟ್ ಟೂ ಆರ್ಡರ್‌ನಲ್ಲಿ (ಮನೆಯವರ ವಿವರ ನಮೂದಿಸುವ ಆದೇಶ) ಇನ್ನೊಂದು ಬಗೆ. ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಬಿಡದೆ ಹೋಲಿಸಿ. ಟಿ.ಸಿ. ಆದ ಮೇಲೆ ತಿದ್ದಿಸುವುದು ದೊಡ್ಡ ರಗಳೆ. ಓಟಿಪಿಗೆ ಫೀಲ್ಡ್‌ನಲ್ಲಿರುವವರ ನಂಬರ್ ಬೇಡ, ಮನೆಯಲ್ಲಿರುವವರದು ಕೊಡಿ.

ಹೊರಗಿನಿಂದ ಬರುವವರಿಗೆ ಟಿ.ಸಿ. ತಡವಾದರೆ ಗಾಬರಿ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೆಯ ತರಗತಿವರೆಗೆ ಆ ಕಾರಣಕ್ಕೆ ದಾಖಲಾತಿ ತಡೆಹಿಡಿಯುವಂತಿಲ್ಲ. ಮಕ್ಕಳ ಶಿಕ್ಷಣ ಭತ್ಯೆಗೆ (2024ರ ಜನವರಿಯಿಂದ ತಿಂಗಳಿಗೆ 2,812 ರೂಪಾಯಿ 50 ಪೈಸೆ) ಬೇಕಾದ ಪ್ರಮಾಣಪತ್ರವನ್ನೂ ಹೊರಡುವ ಮುಂಚೆಯೇ ಬರೆಸಿಕೊಳ್ಳಿ.

ಒಂಬತ್ತು, ಹತ್ತನೆಯವರ ವಿಷಯ ಬೇರೆ. ಸಿಬಿಎಸ್‌ಇಯಲ್ಲಿ ಒಂಬತ್ತಕ್ಕೇ ನೋಂದಣಿ ಆಗುತ್ತದೆ. ಹತ್ತರ ನಡುವೆ ರಾಜ್ಯ ಪಠ್ಯಕ್ರಮದಿಂದ ಅಲ್ಲಿಗೆ ಹೋಗುವುದು ಆಗದ ಮಾತು ಎಂದೇ ತಿಳಿಯಿರಿ. ಆ ವರ್ಷ ಮಗು ಅಜ್ಜಿಮನೆಯಲ್ಲಿದ್ದು ಪರೀಕ್ಷೆ ಮುಗಿಸಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಯೂನಿಟ್‌ಗೆ ಪತ್ರ ಬೇಕಿದ್ದರೆ ಕೊಡುತ್ತೇವೆ.

ಇನ್ನು ಕನ್ನಡ. ಹೊರಗಿನಿಂದ ಬಂದ ಮಕ್ಕಳು ನಿಜಕ್ಕೂ ಏದುಸಿರು ಬಿಡುವುದು ಇಲ್ಲೇ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುತ್ತೇವಲ್ಲ, ಕನ್ನಡ ತಾನಾಗೇ ಬರುತ್ತದೆ ಎನ್ನುವವರಿದ್ದಾರೆ. ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಹಿಂದಿ ಕಲಿತ ಮಗು ‘ಮರ’ವನ್ನು ‘ಮರ್’ ಎಂದೂ ‘ಕಮಲ’ವನ್ನು ‘ಕಮಲ್’ ಎಂದೂ ಓದುತ್ತದೆ, ಏಕೆಂದರೆ ಹಿಂದಿಯಲ್ಲಿ ಕೊನೆಯ ಅಕಾರ ನುಂಗುವುದೇ ರೂಢಿ. ಹ್ರಸ್ವ ಎ, ಒ ಅಲ್ಲಿ ಬೇರೆಯಾಗಿ ಬರೆಯುವುದಿಲ್ಲ. ಹಾಗಾಗಿ ‘ಕೆರೆ’ಯೂ ‘ಕೇರೆ’ಯೂ ಅದಕ್ಕೆ ಒಂದೇ. ‘ಪುಸ್ತಕ’ ಬರೆಯುವಾಗ ಅಲ್ಲಿ ಸಕಾರ ಅರ್ಧವಾಗುತ್ತದೆ. ಇಲ್ಲಿ ಸಕಾರ ಪೂರ್ತಿ ನಿಂತು ತಕಾರ ಕೆಳಗಿಳಿಯುತ್ತದೆ. ಇದನ್ನು ದಡ್ಡತನವೆಂದು ಗದರಬೇಡಿ. ಅಕ್ಷರಮಾಲೆಯ ಕ್ರಮ ಎರಡರಲ್ಲೂ ಒಂದೇ ಆದ್ದರಿಂದ ಶುರುವಿನಲ್ಲಿ ಓಟ ಚೆನ್ನಾಗಿಯೇ ಇರುತ್ತದೆ, ಒತ್ತಕ್ಷರ ಬಂದಾಗ ಎಡವುತ್ತದೆ.

ಅದಕ್ಕೇ ನಾವು ದಿನಕ್ಕೆ 20 ನಿಮಿಷ ಪ್ರತ್ಯೇಕ ಕೂರಿಸುತ್ತೇವೆ. ಮೊದಲ ಎರಡು ವಾರ ಒತ್ತಿಲ್ಲದ ಪದಗಳು, ಕಾಗುಣಿತ. ಆಮೇಲೆ ಅಕ್ಕ, ಹಣ್ಣು. ಆಮೇಲೆ ಪುಸ್ತಕ, ಚಂದ್ರ. ಅರ್ಕಾವತ್ತು ಕಟ್ಟಕಡೆಗೆ. ಮನೆಯಲ್ಲಿ ಬೇರೆ ಪುಸ್ತಕ ಬೇಕಾಗಿಲ್ಲ, ಬಸ್ಸಿನ ಬೋರ್ಡು ಸಾಕು. ಮಡಿಕೇರಿ, ವಿರಾಜಪೇಟೆಯಲ್ಲಿ ಒತ್ತಿಲ್ಲ. ಗೋಣಿಕೊಪ್ಪ, ಪೊನ್ನಂಪೇಟೆಯಲ್ಲಿ ಸಜಾತಿ ಒತ್ತು. ನಾಪೋಕ್ಲು ಓದಿದ ದಿನ ವಿಜಾತಿ ಒತ್ತಿನ ಬಾಗಿಲು ತೆರೆಯಿತು ಎನ್ನಿ. ಪೋಸ್ಟಿಂಗ್ ವಿಷಯ ಏಪ್ರಿಲ್‌ನಲ್ಲೇ ತಿಳಿದರೆ ಮೊದಲೆರಡು ವಾರದ ಹಾಳೆಗಳನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ, ರಜೆಯಲ್ಲೇ ಮುಗಿಯುತ್ತದೆ.

ಗಣಿತ, ವಿಜ್ಞಾನದ ಬಗ್ಗೆ ಅಷ್ಟು ಚಿಂತೆ ಬೇಡ. ಹಳೆಯ ಶಾಲೆಯಲ್ಲಿ ಯಾವ ಅಧ್ಯಾಯದವರೆಗೆ ಆಗಿದೆ ಎಂದು ನೋಟ್‌ಬುಕ್ ನೋಡಿ ಗುರುತಿಸಿಕೊಳ್ಳುತ್ತೇವೆ. ಆದ್ದರಿಂದ ಪ್ಯಾಕಿಂಗ್ ಮಾಡುವಾಗ ಹಳೆಯ ನೋಟ್‌ಬುಕ್ ರದ್ದಿಗೆ ಹಾಕಬೇಡಿ.

ಜೂನ್‌ನಲ್ಲಿ ಸೇರುವ ಮಗುವಿಗೆ ಮಳೆಯೇ ದೊಡ್ಡ ಅಡ್ಡಿ. ಆಗಸ್ಟ್‌ವರೆಗೆ ಮೈದಾನಕ್ಕೆ ಇಳಿಯುವಂತಿಲ್ಲ, ಆಟವಿಲ್ಲದೆ ಗೆಳೆತನ ಕುದುರುವುದಿಲ್ಲ. ಮಳೆ ರಜೆಗಳೂ ಸೇರಿದರೆ ಮಗು ತಿಂಗಳಾದರೂ ಹೊಸಬನಾಗಿಯೇ ಉಳಿಯುತ್ತದೆ. ಹಾಗಾಗಿ ಅದೇ ಬಸ್ಸಿನಲ್ಲಿ ಬರುವ ಒಬ್ಬ ಸಹಪಾಠಿಯನ್ನು ನಾಲ್ಕು ವಾರ ಅದೇ ಬೆಂಚಿನಲ್ಲಿ ಕೂರಿಸುತ್ತೇವೆ. ಮಗುವನ್ನು ಶಾಲೆಗೆ ಸೇರಿಸುವ ದಿನವೇ ನೀವು ಬಸ್ ಮಾರ್ಗ ತಿಳಿಸಿದರೆ ಇದು ಸಾಧ್ಯ. ಸಮವಸ್ತ್ರ ಮೂರು ಜೊತೆ ಹೊಲಿಸಿ, ಎರಡಾದರೆ ಒಣಗುವುದಿಲ್ಲ. ಕೊಡೆ ಗಾಳಿಗೆ ನಿಲ್ಲದು. ಬ್ಯಾಗಿನ ಮೇಲೆ ಹಾಕುವಷ್ಟು ದೊಗಲೆ ರೈನ್‌ಕೋಟ್ ತನ್ನಿ.

ಫೀಲ್ಡ್‌ನಲ್ಲಿರುವ ಅಪ್ಪ ಅಥವಾ ಅಮ್ಮನ ಕರೆ ಶಾಲೆಯ ವೇಳೆಯಲ್ಲಿ ಬಂದರೆ ಆಫೀಸ್ ನಂಬರ್‌ಗೆ ಮಾಡಲಿ, ಪಾಠದ ನಡುವೆ ಆದರೂ ಮಗುವನ್ನು ಕರೆಸುತ್ತೇವೆ. ಸಹಿ ಹಾಕಲು, ಮಗುವನ್ನು ಕರೆದೊಯ್ಯಲು ಯಾರಿಗೆ ಅಧಿಕಾರವೆಂದು ಒಂದು ಪತ್ರ ಬರೆದು, ಅವರ ಫೋಟೋ ಅಂಟಿಸಿ ಮೇ ಕೊನೆಯೊಳಗೆ ಕಚೇರಿಗೆ ತಲುಪಿಸಿ.

ಇತಿ,
ಮುಖ್ಯ ಶಿಕ್ಷಕರು