ಗ್ರಂಥಾಲಯದವರಿಗೆ ಸೋಮವಾರ ಪಾಠ ಮಾಡಿ

ಮಾನ್ಯ ಸಂಪಾದಕರೇ,

ನಮ್ಮ ಗ್ರಂಥಾಲಯಕ್ಕೆ ವಾರದ ರಜೆ ಸೋಮವಾರ. ಭಾನುವಾರ ಬಾಗಿಲು ತೆರೆದಿರಲೇಬೇಕು. ನಾನು ದೂರ ಶಿಕ್ಷಣದಲ್ಲಿ ಓದುತ್ತಿರುವ ಎಂ.ಲಿಬ್ (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಕೋರ್ಸಿನ ಸಂಪರ್ಕ ತರಗತಿಗಳು ನಡೆಯುವುದು ಭಾನುವಾರವೇ. ಈ ಪತ್ರ ಬರೆಯುತ್ತಿರುವುದು ಅದರ ಬಗ್ಗೆ.

ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. 2019ರಲ್ಲಿ ನಮ್ಮ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ ಎಂದಿದೆ. ಊರಿನವರ ಬಾಯಲ್ಲಿ ಇವತ್ತಿಗೂ ಅದು ಲೈಬ್ರರಿ, ನಾನು ಲೈಬ್ರರಿ ಅಕ್ಕಾರು. ಬಿ.ಲಿಬ್ ಮುಗಿಸಿ ಕೆಲವು ವರ್ಷ ಸುಮ್ಮನಿದ್ದೆ. ಮಗಳು ಏಳನೇ ತರಗತಿಗೆ ಬಂದ ಮೇಲೆ ದೂರ ಶಿಕ್ಷಣದಲ್ಲಿ ಎಂ.ಲಿಬ್‌ಗೆ ಸೇರಿದೆ. ಮುಂದೆ ಕೆ-ಸೆಟ್ (ರಾಜ್ಯ ಅರ್ಹತಾ ಪರೀಕ್ಷೆ) ಬರೆಯಬೇಕು, ಕಾಲೇಜೊಂದರಲ್ಲಿ ಗ್ರಂಥಪಾಲಕಿ ಆಗಬೇಕು ಅಂತ ಆಸೆ. ಅದಕ್ಕಿಂತ ಜಾಸ್ತಿ, ದಿನಾ ಕೈಯಲ್ಲಿ ಹಿಡಿಯುವ ಪುಸ್ತಕಗಳ ಕೆಲಸವನ್ನು ಸರಿಯಾಗಿ ಕಲಿಯಬೇಕು ಅನ್ನಿಸಿತ್ತು.

ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಆರರವರೆಗೆ ನನ್ನ ಓದು. ಆಮೇಲೆ ಹಿತ್ತಲು, ಒಲೆ, ಮಗಳ ಜಡೆ, ಬುತ್ತಿ. ಮೊದಲ ಸೆಮಿಸ್ಟರ್‌ನಲ್ಲಿ ಆ ಒಂದೂವರೆ ಗಂಟೆಯೂ ಸಿಗುತ್ತಿರಲಿಲ್ಲ. ಒಂದು ದಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡೇ ಒಲೆಯ ಮುಂದೆ ನಿದ್ದೆ ಹೋಗಿದ್ದೆ. ಅದನ್ನು ನೋಡಿದ ನಮ್ಮ ಅತ್ತೆ ಮರುದಿನ ಹಿಟ್ಟಿನ ಪರಾತ ತಮ್ಮ ಕಡೆ ಎಳೆದುಕೊಂಡರು. 'ನೀ ಓದವ್ವಾ, ರೊಟ್ಟಿ ನಾ ಬಡಿತೀನಿ' ಅಂದರು. ಅವರಿಗೆ ಓದು ಬರೆಹ ಬರುವುದಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಮನೆಯ ರೊಟ್ಟಿ ಅವರದೇ. ನಾನು ಪಾಸಾದರೆ ಅದರಲ್ಲಿ ಅರ್ಧ ಅವರ ಪಾಲು.

ರಾತ್ರಿ ಮಗಳು ನನಗೆ ಪರೀಕ್ಷೆ ಮಾಡುತ್ತಾಳೆ. ವಿಷಯಕ್ಕೆ ತಕ್ಕಂತೆ ಪುಸ್ತಕಗಳಿಗೆ ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣದ ಪಟ್ಟಿ ಹಿಡಿದು 'ಐದುನೂರು?' ಅಂತಾಳೆ. ವಿಜ್ಞಾನ. 'ಆರುನೂರಾ ಮೂವತ್ತು?' ಕೃಷಿ. ನಮ್ಮವರು ಹೊಲದಿಂದ ಬಂದು ಕೂತವರು ಒಮ್ಮೆ 'ನಮ್ಮ ಗೋವಿನಜೋಳಕ್ಕೂ ನಂಬರ್ ಐತೇನು?' ಅಂತ ಕೇಳಿದರು. ಇದೆ, 633.15. ಅವರಿಗೆ ಬಹಳ ಖುಷಿಯಾಯಿತು. ಈಗ ಗ್ರಂಥಾಲಯದಲ್ಲಿ ಕೃಷಿ ಪುಸ್ತಕಗಳ ಕಪಾಟಿಗೆ ನಾನೇ ಚೀಟಿ ಬರೆದು ಅಂಟಿಸಿದ್ದೇನೆ. ರೈತರು ಬಂದು ನೇರ ಅಲ್ಲಿಗೇ ಹೋಗುತ್ತಾರೆ.

ಇಷ್ಟರ ಮಟ್ಟಿಗೆ ಮನೆ, ಕೆಲಸ, ಓದು ಮೂರೂ ಒಂದಕ್ಕೊಂದು ಹೊಂದಿಕೊಂಡಿವೆ. ಹೊಂದದೆ ಉಳಿದಿರುವುದು ಭಾನುವಾರ ಒಂದೇ.

ಅಧ್ಯಯನ ಕೇಂದ್ರ ಇರುವುದು ಬೇರೆ ಜಿಲ್ಲೆಯಲ್ಲಿ. ಎರಡು ಬಸ್ ಬದಲಾಯಿಸಬೇಕು. ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡು ಉಳಿದಿದೆ, ಅದು ನನ್ನಂಥವರಿಗೆ ದೊಡ್ಡ ಆಸರೆ. ಆದರೆ ಹೋಗಿ ಬರುವಷ್ಟರಲ್ಲಿ ಇಡೀ ದಿನ ಮುಗಿಯುತ್ತದೆ. ಆ ದಿನ ಗ್ರಂಥಾಲಯಕ್ಕೆ ಬೀಗ. ನಮ್ಮ ಪಿಡಿಒ ಸಾಹೇಬರು ಒಳ್ಳೆಯವರು, ಕೇಳಿದಾಗ ರಜೆ ಕೊಟ್ಟಿದ್ದಾರೆ. ನನ್ನ ಬದಲಿಗೆ ಕೂರಿಸಲು ಅವರ ಹತ್ತಿರವೂ ಯಾರಿಲ್ಲ. ನಮ್ಮ ಗ್ರಂಥಾಲಯಕ್ಕೆ ಇರುವುದು ನಾನೊಬ್ಬಳೇ.

ಭಾನುವಾರ ಬೀಗ ಹಾಕುವುದು ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಉಳಿದ ದಿನ ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಹೊಲ. ಭಾನುವಾರ ನಾನು ಹೋಗುವ ಮೊದಲೇ ಕಟ್ಟೆಯ ಮೇಲೆ ಮಕ್ಕಳು ಕೂತಿರುತ್ತಾರೆ. ಹಿಂದಿನ ವಾರ ಅರ್ಧಕ್ಕೆ ಬಿಟ್ಟ ಕಥೆ ಪುಸ್ತಕವನ್ನು ಯಾರೂ ತೆಗೆದುಕೊಂಡು ಹೋಗಿಲ್ಲ ತಾನೇ ಅಂತ ಅವರಿಗೆ ಚಿಂತೆ. ಇಬ್ಬರು ಅಜ್ಜಂದಿರು ವಾರದ ಪೇಪರನ್ನೆಲ್ಲ ಒಟ್ಟಿಗೆ ಓದುತ್ತಾರೆ.

ಇನ್ನೊಬ್ಬ ಹುಡುಗ ಬರುತ್ತಾನೆ. ಪಿಯುಸಿ ಆಗಿದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಕೆಲಸ. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾನೆ. ಸೀಸನ್ನಿನಲ್ಲಿ ಅವನಿಗೆ ಓದಲು ಸಿಗುವುದು ಭಾನುವಾರ ಮಾತ್ರ. ಮೈಯಿಂದ ಇನ್ನೂ ಮೆಣಸಿನಕಾಯಿ ಘಾಟು ಬರುತ್ತಿರುತ್ತದೆ, ಹಾಗೇ ಬಂದು ಮೂಲೆಯ ಟೇಬಲ್ಲಿಗೆ ಕೂತು ಸಂಜೆಯವರೆಗೆ ಏಳುವುದಿಲ್ಲ. ನಾನು ತರಗತಿಗೆ ಹೋದ ಒಂದು ಭಾನುವಾರ ಅವನು ಬಂದು ಬೀಗ ನೋಡಿದ್ದಾನೆ. ಅಕ್ಕಾರು ತಡವಾಗಿ ಬರಬಹುದು ಅಂತ ಮಧ್ಯಾಹ್ನ ಎರಡರವರೆಗೆ ಕಟ್ಟೆಯ ಮೇಲೆ ಕಾದಿದ್ದಾನೆ. ಎದುರಿನ ಕಿರಾಣಿ ಅಂಗಡಿಯವರು ಮರುದಿನ ಹೇಳಿದರು. ಮುಂದಿನ ವಾರ ಬಂದಾಗ ಅವನು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನು ಏನಾದರೂ ಅಂದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಅದಾದ ಮೇಲಿನ ತರಗತಿಗೆ ನಾನು ರಜೆ ಕೇಳಲಿಲ್ಲ. ಅವತ್ತು ವರ್ಗೀಕರಣದ ಪ್ರಾಕ್ಟಿಕಲ್ ಇತ್ತು. ಅದನ್ನು ಮತ್ತೆ ಮಾಡಿಸಲಿಲ್ಲ. ನನ್ನ ರೆಕಾರ್ಡ್ ಪುಸ್ತಕದಲ್ಲಿ ಎರಡು ಅಭ್ಯಾಸ ಸಹಿಯಿಲ್ಲದೆ ಉಳಿದವು, ಅದರ ಅಂಕ ಹೋಯಿತು. ಅಧ್ಯಯನ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿದಾಗ 'ಕೆಲಸಕ್ಕೆ ಹೋಗುವವರಿಗೆ ಅನುಕೂಲ ಆಗಲಿ ಅಂತಲೇ ಭಾನುವಾರ ಇಟ್ಟಿದ್ದೇವೆ ಮೇಡಂ' ಅಂದರು. ಅವರ ಉದ್ದೇಶ ಒಳ್ಳೆಯದೇ. ಅದರಲ್ಲಿ ನನಗೆ ಅನುಮಾನವಿಲ್ಲ. ವಾಣಿಜ್ಯ ಓದುವವರಿಗೆ, ಇತಿಹಾಸ ಓದುವವರಿಗೆ ಭಾನುವಾರ ಸರಿ. ಆದರೆ ಗ್ರಂಥಾಲಯ ವಿಜ್ಞಾನ ಓದಲು ಯಾರು ಬರುತ್ತಾರೆ ಅಂತ ಒಮ್ಮೆ ನೋಡಬೇಕಲ್ವಾ? ನಮ್ಮ ಬೆಂಚಿನಲ್ಲಿ ಕೂರುವ ಐವರಲ್ಲಿ ನಾಲ್ವರು ಸಾರ್ವಜನಿಕ ಗ್ರಂಥಾಲಯಗಳಲ್ಲೇ ದುಡಿಯುವವರು. ಊರಿನವರಿಗೆ ಬಿಡುವಿರುವ ದಿನವೇ ನಮಗೆ ಕೆಲಸ ಜಾಸ್ತಿ.

ಇದನ್ನು ನಮಗೆ ಕಲಿಸುವುದೂ ಇದೇ ಕೋರ್ಸು. ಮೊದಲ ಪತ್ರಿಕೆಯಲ್ಲೇ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯಗಳಿಗೆಂದು ಬರೆದ ಪಂಚಸೂತ್ರಗಳಿವೆ. ತಮಿಳುನಾಡಿನ ಶಿಯಾಳಿಯಲ್ಲಿ ಹುಟ್ಟಿದವರು, ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಅಲ್ಲಿ 1962ರಲ್ಲಿ ದಾಖಲೀಕರಣದ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. 1931ರಲ್ಲಿ ಅವರು ಬರೆದ ಮೊದಲ ಸೂತ್ರ, ಪುಸ್ತಕಗಳಿರುವುದು ಬಳಕೆಗಾಗಿ. ಬರೀ ಪುಸ್ತಕ ಇದ್ದರೆ ಸಾಲದು, ಗ್ರಂಥಾಲಯ ಎಲ್ಲಿರಬೇಕು, ಯಾವ ಹೊತ್ತಿನಲ್ಲಿ ತೆರೆದಿರಬೇಕು ಎನ್ನುವುದೂ ಆ ಸೂತ್ರದ ಕೆಳಗೇ ಬರುತ್ತದೆ. ಜನರಿಗೆ ಬಿಡುವಿರುವಾಗ ಬಾಗಿಲು ತೆರೆದಿರಬೇಕು. ಅದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಕಟ್ಟೆ, ಅಲ್ಲಿ ಕೂರುವ ಮಕ್ಕಳು. ಆ ಪಾಠ ಕಲಿಯಲು ಆ ಬಾಗಿಲಿಗೇ ಬೀಗ ಹಾಕಿ ಹೋಗಬೇಕಾಗಿದೆ ಎಂಬುದು ನನ್ನ ನೋವು. ಆಸ್ತಿ ತೆರಿಗೆಯ ಜೊತೆ ನೂರು ರೂಪಾಯಿಗೆ 6 ರೂಪಾಯಿಯಂತೆ ಜನ ಗ್ರಂಥಾಲಯ ಕರ ಕಟ್ಟುತ್ತಾರೆ. ಬಾಗಿಲು ತೆರೆದಿರಲಿ ಅಂತ ಕೇಳುವ ಹಕ್ಕು ಅವರಿಗಿದೆ.

ತರಗತಿ ತಪ್ಪಿಸಿ ಮನೆಯಲ್ಲೇ ಓದಿಕೊಳ್ಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಗ್ರಂಥಾಲಯದ ಇತಿಹಾಸ, ಆಡಳಿತ, ಮಾಹಿತಿ ಮತ್ತು ಸಮಾಜ, ಇವನ್ನು ಹಾಗೆ ಓದಬಹುದು. ಪಠ್ಯವೆಲ್ಲ ಇಂಗ್ಲಿಷ್‌ನಲ್ಲಿದ್ದರೂ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದ ಅರ್ಥ ಬರೆದುಕೊಂಡು ಹೇಗೋ ಮಾಡುತ್ತಿದ್ದೇನೆ. ವರ್ಗೀಕರಣ ಹಾಗಲ್ಲ. ಡ್ಯೂಯಿ ಸಂಪುಟಗಳು ನಾಲ್ಕು. ದಪ್ಪ, ಬೆಲೆಯೂ ದುಬಾರಿ. ನಮ್ಮಂಥವರ ಮನೆಯಲ್ಲಿ ಇರುವುದಿಲ್ಲ, ಪಂಚಾಯಿತಿ ಗ್ರಂಥಾಲಯದಲ್ಲೂ ಇಲ್ಲ. ಒಂದು ಸಂಪುಟದಲ್ಲಿ ಸಂಖ್ಯೆ ಹುಡುಕಿ, ಇನ್ನೊಂದರ ಕೋಷ್ಟಕದಿಂದ ಬಾಲ ಜೋಡಿಸಿ, ಸೂಚಿ ನೋಡಿ ಸರಿಯೇ ಅಂತ ತಾಳೆ ಹಾಕಬೇಕು. ಪಕ್ಕದಲ್ಲಿ ತಿಳಿದವರಿದ್ದರೆ ಹತ್ತು ನಿಮಿಷ. ಇಲ್ಲದಿದ್ದರೆ ತಪ್ಪು ಎಲ್ಲಾಯಿತು ಅಂತಲೇ ಗೊತ್ತಾಗುವುದಿಲ್ಲ.

ಇಂಗ್ಲಿಷ್ ಕಾದಂಬರಿಗೆ ಡ್ಯೂಯಿಯಲ್ಲಿ 823 ಎಂದರೆ ಮುಗಿಯಿತು. ನಮ್ಮ ಕನ್ನಡ ಸಾಹಿತ್ಯ ಇರುವುದು 894.814ರಲ್ಲಿ. ಕಾವ್ಯವಾದರೆ ಕೊನೆಗೆ ಒಂದು 1, ನಾಟಕವಾದರೆ 2, ಕಾದಂಬರಿಯಾದರೆ 3. ನಮ್ಮ ಪುಸ್ತಕಗಳಿಗೆ ಅಷ್ಟು ಉದ್ದದ ಸಂಖ್ಯೆ ಯಾಕೆ ಎಂದು ನಾನು ತರಗತಿಯಲ್ಲಿ ಕೇಳಿದ್ದೆ. ಮೇಷ್ಟ್ರು ಅವತ್ತು ಅರ್ಧ ಗಂಟೆ ಅದನ್ನೇ ವಿವರಿಸಿದರು. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಈ ಪದ್ಧತಿ ಮಾಡಿದಾಗ ಅವರ ಮುಂದೆ ಇದ್ದ ಪುಸ್ತಕಗಳು ಯಾವುವು, ಯಾವ ಭಾಷೆಗೆ ಎಷ್ಟು ಜಾಗ ಸಿಕ್ಕಿತು ಅಂತ. ನನಗೆ ಈ ಕೋರ್ಸಿನಲ್ಲೇ ಅತ್ಯಂತ ಇಷ್ಟವಾದ ಅರ್ಧ ಗಂಟೆ ಅದು. ಅಂಥ ತರಗತಿ ತಪ್ಪಿಸಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ?

ಹಾಗಾಗಿ ಗ್ರಂಥಾಲಯ ವಿಜ್ಞಾನ ಕಲಿಸುವ ವಿಶ್ವವಿದ್ಯಾಲಯಗಳಿಗೆ ನನ್ನ ವಿನಂತಿ ಇದು. ಸಂಪರ್ಕ ತರಗತಿಗೆ ಸೋಮವಾರದ ಒಂದು ತಂಡವನ್ನೂ ಮಾಡಿ. ನಮ್ಮಲ್ಲಿ ಖಾಸಗಿ ಕಾಲೇಜುಗಳ ಗ್ರಂಥಾಲಯದಲ್ಲಿ ಇರುವವರೂ ಇದ್ದಾರೆ, ಅವರಿಗೆ ರಜೆ ಭಾನುವಾರವೇ. ಅವರ ತರಗತಿ ಹಾಗೇ ಇರಲಿ. ಪ್ರವೇಶದ ಅರ್ಜಿಯಲ್ಲೇ ವಾರದ ರಜೆ ಯಾವತ್ತು ಎಂಬ ಒಂದು ಸಾಲು ಸೇರಿಸಿದರೆ ಯಾರು ಯಾವ ತಂಡಕ್ಕೆ ಅಂತ ಗೊತ್ತಾಗುತ್ತದೆ. ಪಾಠ ಮಾಡುವವರಿಗೆ ಸೋಮವಾರ ಅವರ ಮಾಮೂಲಿ ಕೆಲಸದ ದಿನ, ಆ ದಿನ ಕೋಣೆ ಸಿಗುವುದು ಕಷ್ಟ ಎಂಬುದು ನನಗೂ ಗೊತ್ತು. ಎಲ್ಲಾ ತರಗತಿ ಆಗದಿದ್ದರೂ ಪ್ರಾಕ್ಟಿಕಲ್‌ಗಳಾದರೂ ಸೋಮವಾರ ಇರಲಿ. ಅದೂ ಆಗದಿದ್ದರೆ ತಪ್ಪಿದವರಿಗೆ ಇನ್ನೊಂದು ದಿನ ಕೊಡಿ. ಮಗುವಿಗೆ ಜ್ವರ ಬಂದವರೂ ಇರುತ್ತಾರೆ, ಗ್ರಂಥಾಲಯ ಮುಚ್ಚಲಾಗದವರೂ ಇರುತ್ತಾರೆ.

ಇನ್ನೊಂದು ಮಾತು. ಗ್ರಂಥಾಲಯದ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ನಮೂದಿಸುವ ಕೋಹಾ ಎಂಬ ತಂತ್ರಾಂಶ ನಮಗೆ ಪಾಠಕ್ಕಿದೆ. ನ್ಯೂಜಿಲೆಂಡಿನ ಒಂದು ಸಣ್ಣ ಪ್ರದೇಶದ ಗ್ರಂಥಾಲಯಕ್ಕಾಗಿ ಹುಟ್ಟಿದ್ದು, ಎಲ್ಲರಿಗೂ ಉಚಿತ. ಗ್ರಂಥಾಲಯ ಮುಚ್ಚುವ ಹೊತ್ತಿನ ನಂತರ ಅರ್ಧ ಗಂಟೆ ಕೂತು ನಾನು ನಮ್ಮ ಪುಸ್ತಕಗಳನ್ನೇ ಅದಕ್ಕೆ ಸೇರಿಸುತ್ತಿದ್ದೇನೆ. ಶೀರ್ಷಿಕೆಗೆಂದೇ ಇರುವ 245ನೇ ಜಾಗದಲ್ಲಿ ಕನ್ನಡ ಲಿಪಿಯಲ್ಲೇ ಶೀರ್ಷಿಕೆ ಟೈಪ್ ಮಾಡುತ್ತೇನೆ. ಮಕ್ಕಳ ಪುಸ್ತಕದ ಕಪಾಟು ಪೂರ್ತಿ ಮುಗಿದಿದೆ. ನಾಲ್ಕನೇ ತರಗತಿಯ ಒಬ್ಬ ಹುಡುಗಿ ತನಗೆ ಬೇಕಾದ ಪುಸ್ತಕವನ್ನು ತಾನೇ ಹುಡುಕಿ ಯಾವ ಕಪಾಟು ಅಂತ ಹೇಳಿದಳು. ಅಧ್ಯಯನ ಕೇಂದ್ರದಲ್ಲಿ ಪ್ರಾಕ್ಟಿಕಲ್‌ಗೆ ನಾನು ನಮೂದಿಸಿದ್ದು ಹತ್ತು ಪುಸ್ತಕ, ಅದಕ್ಕೆ ಅಂಕ ಬಂತು. ಇಲ್ಲಿ ಇಡೀ ಕಪಾಟು ಮಾಡಿದ್ದಕ್ಕೆ ಲೆಕ್ಕವಿಲ್ಲ. ಕೆಲಸದ ಜಾಗದಲ್ಲಿ ಮಾಡಿದ್ದನ್ನು ಪರಿಶೀಲಿಸಿ ರೆಕಾರ್ಡಿಗೆ ಸೇರಿಸಿಕೊಂಡರೆ ನಮ್ಮ ಓಡಾಟ ತಪ್ಪುತ್ತದೆ. ಊರಿಗೂ ಒಂದು ಪುಸ್ತಕ ಸೂಚಿ ಸಿಗುತ್ತದೆ.

ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಇನ್ನೂ ಬಂದಿಲ್ಲ. ಈಗ ಹೇಳಿದರೆ ಬದಲಾಯಿಸಲು ಸಮಯ ಇರುತ್ತದೆ ಅಂತ ಈ ಪತ್ರ ಬರೆದೆ. ಬರುವ ಭಾನುವಾರ ನಮ್ಮ ಗ್ರಂಥಾಲಯ ತೆರೆದಿರುತ್ತದೆ. ಆ ಹುಡುಗನಿಗೂ ಹೇಳಿ ಕಳಿಸಿದ್ದೇನೆ.

ಇಂತಿ,
ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ,
ಹಾವೇರಿ ಜಿಲ್ಲೆ