ಹಳೇ ಪ್ರೊಟೊಟೈಪ್‌ಗೆ ಇನ್ನು ತೇಪೆ ಬೇಡ

ಎಲ್ಲರಿಗೂ ನಮಸ್ಕಾರ. ನಮ್ಮ ಸಾಫ್ಟ್‌ವೇರ್‌ನ ಪ್ರೊಟೊಟೈಪನ್ನು, ಅಂದರೆ ಮೊದಲ ಪ್ರಾಯೋಗಿಕ ರೂಪವನ್ನು, ಬುಡದಿಂದ ಮತ್ತೆ ಬರೆಯುತ್ತಿದ್ದೇವೆ. ಹಳೆಯದನ್ನು ಬರೆದವನು ನಾನೇ, ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

ಹಣದ ಮೊತ್ತವನ್ನು ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯನ್ನು ಕಂಪ್ಯೂಟರ್ ಅಂದಾಜಾಗಿ ಉಳಿಸುವ ವಿಧಾನ) ಇಟ್ಟಿದ್ದೆ. ಅದರಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಒಂದು ಬಿಲ್‌ನಲ್ಲಿ ಗೊತ್ತಾಗುವುದಿಲ್ಲ, ರಾಶಿ ಬಿಲ್ ಸೇರಿದಾಗ ಲೆಕ್ಕ ತಾಳೆಯಾಗದೇ ಹೋಗಬಹುದು. ಹೊಸದರಲ್ಲಿ ಡೆಸಿಮಲ್, ಅಂದರೆ ದಶಮಾಂಶವನ್ನು ಇದ್ದಂತೆಯೇ ಉಳಿಸುವ ವಿಧಾನ. ದಿನಾಂಕದ ಕತೆ ಇನ್ನೂ ಚೆಂದ: 03/04 ಅಂತ ಸುಮ್ನೆ ಅಕ್ಷರವಾಗಿ ಉಳಿಸಿದ್ದೇನೆ. ಮಾರ್ಚ್ 4 ಇರಬೇಕೋ, ಏಪ್ರಿಲ್ 3 ಇರಬೇಕೋ, ಈಗ ನನಗೇ ತಿಳಿಯುತ್ತಿಲ್ಲ! ಇನ್ನು ಮೇಲೆ ವರ್ಷ, ತಿಂಗಳು, ದಿನ ಇದೇ ಕ್ರಮ. ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ.

ಹಳೇ ಕೋಡ್ ಅಳಿಸಬೇಡಿ, ಅಲ್ಲಿಂದ ಕಾಪಿ-ಪೇಸ್ಟೂ ಬೇಡ. ಓದಿ ಸಾಕು. ವಿಚಿತ್ರವಾಗಿ ಕಾಣುವ ಎಷ್ಟೋ ‘ಇಫ್’ (ಹೀಗಿದ್ದರೆ ಹೀಗೆ ಮಾಡು ಎನ್ನುವ) ಸಾಲುಗಳ ಹಿಂದೆ ಯಾರೋ ಬಳಕೆದಾರರ ದೂರು ಇದೆ. ಆ ದೂರನ್ನು ಮೊದಲು ಟೆಸ್ಟ್ ಆಗಿ (ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಸಣ್ಣ ಪ್ರೋಗ್ರಾಂ) ಬರೆಯಿರಿ, ಆಮೇಲೆ ಕೋಡ್. ಹಳೆಯದರಿಂದ ಹೊಸದಕ್ಕೆ ಡೇಟಾ ಸಾಗಿಸುವ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ನನ್ನ ಪಾಲಿಗಿರಲಿ.

ಹೊಸ ಫೀಚರ್ ಆಸೆ ಎಲ್ಲರಿಗೂ ಇದೆ, ನನಗೆ ಸ್ವಲ್ಪ ಜಾಸ್ತಿಯೇ. ಆದರೆ ಹಳೆಯದು ಮಾಡುತ್ತಿದ್ದ ಕೆಲಸವನ್ನಾದರೂ ಹೊಸದು ಮೊದಲು ಮಾಡಬೇಕು ಅಲ್ವಾ? ಯಾರು ಯಾವ ಭಾಗ ತೆಗೆದುಕೊಳ್ಳುತ್ತೀರಿ, ಇಲ್ಲೇ ತಿಳಿಸಿ.